ಅಜ್ಜಿ ಇಲ್ಲದ ಚಾಪೆ

‘ಇದು ಕೈಯಿಂದ ಮಾಡಿದ್ದು’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದ ಕೂಡಲೇ ನನಗೆ ಕೇಳಬೇಕೆನಿಸುತ್ತದೆ: ಉಳಿದವರು ಕಾಲಿನಿಂದ ಮಾಡುತ್ತಾರೆಯೇ? ನಮ್ಮ ಮನೆಯಲ್ಲಿ ನೀರುದೋಸೆ ಮೂವತ್ತೈದು ವರ್ಷಗಳಿಂದ ಕೈಯಿಂದಲೇ ಆಗುತ್ತಿದೆ. ಒಂದೇ ಒಂದು ದೋಸೆಯ ಪಕ್ಕದಲ್ಲಿ ಯಾರೂ ಅದರ ಕಥೆ ಬರೆದು ಚೀಟಿ ಇಟ್ಟಿಲ್ಲ. ಅಂಚು ಹರಿದರೆ ‘ಪ್ರತಿಯೊಂದೂ ವಿಶಿಷ್ಟ’ ಎಂದು ನನ್ನ ಗಂಡ ಕಣ್ಣರಳಿಸಿದ್ದೂ ಇಲ್ಲ. ‘ಇವತ್ತು ಹಿಟ್ಟಿಗೆ ಎಂತ ಆಯಿತು?’ ಎಂದಷ್ಟೇ ಕೇಳಿದ್ದಾರೆ.

ತಾತ್ಸಾರ ನನ್ನ ಹುಟ್ಟುಗುಣವಲ್ಲ, ವೃತ್ತಿಯಿಂದ ಬಂದ ಕಾಯಿಲೆ. ಕಾಪುವಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವಳು ನಾನು. ‘ನಾನು ಕಂಡ ಸೂರ್ಯಾಸ್ತ’ ಎಂಬ ಒಂದೇ ಪ್ರಬಂಧವನ್ನು ಎಷ್ಟು ಸಾವಿರ ಸಲ ತಿದ್ದಿದ್ದೇನೋ ಗೊತ್ತಿಲ್ಲ. ಎಲ್ಲದರಲ್ಲೂ ಸೂರ್ಯ ಚಿನ್ನದ ತಟ್ಟೆಯೇ. ಇಷ್ಟಾದ ಮೇಲೆ ಮನುಷ್ಯನಿಗೆ ಸೂರ್ಯನ ಮೇಲೆ ಬೇಸರ ಬರುವುದಿಲ್ಲ, ಬರೆಯುವವರ ಮೇಲೆ ಬರುತ್ತದೆ.

ಹೋದ ಡಿಸೆಂಬರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಅನ್ವಿತಾ ಫೋನ್ ಮಾಡಿದಳು. ಕ್ರಿಸ್‌ಮಸ್ ರಜೆಯಲ್ಲಿ ಮಣಿಪಾಲದಲ್ಲಿ ಎರಡು ದಿನದ ಕರಕುಶಲ ಪ್ರದರ್ಶನ ಮಾಡುತ್ತಾಳಂತೆ. ದೊಡ್ಡದಲ್ಲ, ಇಪ್ಪತ್ತೇ ಮೇಜು. ಆದರೆ ‘ಕ್ಯುರೇಟೆಡ್’.

“ಟೀಚರ್, ನೀವೊಂದು ಉಪಕಾರ ಮಾಡಬೇಕು. ಪ್ರತಿಯೊಬ್ಬ ಮೇಕರ್‌ನ ಬಗ್ಗೆ ನಾಲ್ಕು ಸಾಲು ಬರೆದುಕೊಡಬೇಕು. ಮೇಜಿನ ಮೇಲೆ ಕಾರ್ಡ್ ಇಡ್ತೇವೆ.”

“ಮೇಕರ್ ಅಂದರೆ?”

“ಮಾಡುವವರು ಟೀಚರ್.”

“ಎಂತ ಮಾಡುವವರು?”

“ಹಾಗೆಲ್ಲ ಕೇಳಬಾರದು ಟೀಚರ್” ಎಂದು ನಕ್ಕಳು.

ಕ್ಯುರೇಟ್ ಎಂಬ ಪದಕ್ಕೆ ಕನ್ನಡ ಹುಡುಕುತ್ತಾ ಆ ದಿನ ಮಧ್ಯಾಹ್ನ ಕಳೆದೆ. ಕೊನೆಗೆ ಹೊಳೆದದ್ದು ‘ಆರಿಸುವುದು’. ನನ್ನ ಅಮ್ಮ ದಿನಾ ಬೆಳಿಗ್ಗೆ ಗೆರಸೆಯಲ್ಲಿ ಅಕ್ಕಿ ಹರಡಿಕೊಂಡು ಕೂತು ಮಾಡುತ್ತಿದ್ದದ್ದು ಅದನ್ನೇ. ವ್ಯತ್ಯಾಸ ಒಂದೇ. ಅಮ್ಮ ಕಲ್ಲನ್ನು ಎಸೆದು ಅಕ್ಕಿಯನ್ನು ಇಟ್ಟುಕೊಳ್ಳುತ್ತಿದ್ದರು.

ಪ್ರದರ್ಶನ ನಡೆದದ್ದು ಕಾಫಿ ಅಂಗಡಿಯಾಗಿ ಬದಲಾದ ಹಳೆಯ ಹೆಂಚಿನ ಮನೆಯಲ್ಲಿ. ಮಾಡುವವರನ್ನು ನಾನು ಕಂಡು ಮಾತಾಡಿ ಕಾರ್ಡ್ ಬರೆಯಲಿಕ್ಕೆಂದು ಅನ್ವಿತಾ ಒಂದು ವಾರ ಮೊದಲೇ ಅಲ್ಲಿ ಸಭೆ ಸೇರಿಸಿದ್ದಳು. ಒಬ್ಬರು ಹಲಸಿನ ಮರದ ಸೌಟು ತಂದಿದ್ದರು. ನುಣುಪಾಗಿ, ಹಂಸದ ಕುತ್ತಿಗೆಯ ಹಾಗಿತ್ತು. ಅದರ ಹಿಡಿಗೆ ಕಟ್ಟಿದ ಚೀಟಿಯಲ್ಲಿ ‘ಅಡುಗೆಗೆ ಬಳಸಬಾರದು’ ಎಂದು ಬರೆದಿತ್ತು. ಇನ್ನೊಬ್ಬರ ಸಾಬೂನಿನ ಒಳಗೆ ಇಡೀ ಒಣ ದಾಸವಾಳ. ಅದರಲ್ಲಿ ನಾಲ್ಕು ದಿನ ಸ್ನಾನ ಮಾಡಿದರೆ ಬಚ್ಚಲು ಕಟ್ಟುವುದು ಖಂಡಿತ. ಮಣ್ಣಿನ ಜುಮುಕಿ ಮಾರುವ ಹುಡುಗಿ ತಾನು ಮಣ್ಣಿನೊಡನೆ ‘ಸಂಭಾಷಿಸುತ್ತೇನೆ’ ಎಂದಳು. ಆ ಜುಮುಕಿಯ ಗಾತ್ರ ನೋಡಿದರೆ ಮಣ್ಣೇ ಹೆಚ್ಚು ಮಾತಾಡಿದೆ ಎಂದು ತೋರುತ್ತಿತ್ತು.

ನನ್ನ ತಾತ್ಸಾರದ ಪೂರ್ಣಾಹುತಿಯಾದವನು ಪ್ರೀತಮ್. ಕಾರ್ಕಳದವನು, ನಲವತ್ತರ ಆಸುಪಾಸು. ಮುಂಬೈಯಲ್ಲಿ ವಿಮಾ ಕಂಪನಿಯ ಕೆಲಸ ಬಿಟ್ಟು ತನ್ನನ್ನು ತಾನು ಹುಡುಕಲು ಊರಿಗೆ ಬಂದನಂತೆ. ಹುಡುಕುವಾಗ ಮೇಣ ಸಿಕ್ಕಿತಂತೆ. ಅವನ ಮೇಣದಬತ್ತಿಗಳಿಗೆ ವಾಸನೆಯೂ ಇದೆ, ಹೆಸರೂ ಇದೆ. ಒಂದರ ಹೆಸರು ‘ಮೊದಲ ಮಳೆ’. ನಾಲ್ಕು ತಿಂಗಳು ಬಟ್ಟೆ ಒಣಗದ ನಮ್ಮ ಊರಿನಲ್ಲಿ ಮಳೆಯ ವಾಸನೆಯನ್ನು ಹಣ ಕೊಟ್ಟು ಮನೆಗೆ ತರುವವರು ಯಾರು? ಇನ್ನೊಂದು ‘ಕಾಪು ಸಂಜೆ’. ಅದನ್ನು ಮೂಗಿಗೆ ಹಿಡಿದೆ. ಮಜ್ಜಿಗೆಹುಲ್ಲಿನ ವಾಸನೆ.

“ನೀವು ಕಾಪುವಿಗೆ ಸಂಜೆ ಬಂದದ್ದುಂಟಾ?” ಎಂದು ಕೇಳಿದೆ.

“ತುಂಬ ಸಲ ಟೀಚರ್. ಯಾಕೆ?”

“ಒಣಮೀನು, ಡೀಸೆಲು, ಗೋಬಿ ಮಂಚೂರಿ. ಇದರಲ್ಲಿ ಮೂರೂ ಇಲ್ಲವಲ್ಲ.”

ಅವನು ಸಿಟ್ಟು ಮಾಡಲಿಲ್ಲ. ಒಂದು ಪುಟ್ಟ ಪುಸ್ತಕ ತೆಗೆದು ‘ಡೀಸೆಲು’ ಎಂದು ಬರೆದುಕೊಂಡ. ಅದನ್ನು ನೋಡಿ ನನಗೆ ಇನ್ನಷ್ಟು ನಗು ಬಂತು.

ಸಭೆ ಮುಗಿದ ಮೇಲೆ ಅನ್ವಿತಾ ಪೆಚ್ಚಾಗಿ ಕೂತಿದ್ದಳು. “ಎಲ್ಲ ಸರಿ ಟೀಚರ್, ಆದರೆ ಅಸಲಿ ಅಂತ ಒಬ್ಬರೂ ಇಲ್ಲ. ಊರಿನ ಕಸುಬು, ಬೇರು, ಅಂಥದ್ದು ಬೇಕಿತ್ತು.”

ಝುಬೈದಾ ಅವರ ಹೆಸರು ಹೇಳಿದವಳು ನಾನೇ. ಕಾಪುವಿನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಮೂಡೆ ಕಡುಬಿಗೆ ಸುತ್ತುವ, ಕೇದಗೆ ಜಾತಿಯ ಮುಂಡೇವಿನ ಎಲೆಯಿಂದ ಚಾಪೆ ಹೆಣೆಯುತ್ತಾರೆ. ಮುಳ್ಳು ತೆಗೆದು, ಬಿಸಿಲಿಗೆ ಬಾಡಿಸಿ, ಸುರುಳಿ ಸುತ್ತಿಟ್ಟು, ಸಪೂರವಾಗಿ ಸೀಳಿ ಹೆಣೆದ ಆ ಚಾಪೆಯ ಮೇಲೆ ಏಪ್ರಿಲ್ ತಿಂಗಳ ಮಧ್ಯಾಹ್ನ ಮಲಗಿದವರಿಗೆ ಹಾಸಿಗೆ ಬೇಡ. ನಮ್ಮ ಮನೆಯ ಮೂರೂ ಚಾಪೆ ಅವರವೇ.

ಮರುದಿನ ಅನ್ವಿತಾಳನ್ನು ಕರೆದುಕೊಂಡು ಹೋದೆ. ಝುಬೈದಾ ಚಹಾ ಕೊಟ್ಟರು. ಅನ್ವಿತಾ ಒಂದು ಚಾಪೆಯನ್ನು ಎದೆಗೆ ಅಪ್ಪಿಕೊಂಡು ಕೇಳಿದಳು: “ಇದನ್ನು ನಿಮಗೆ ಯಾರು ಕಲಿಸಿದ್ದು? ಅಜ್ಜಿಯಾ?”

ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಝುಬೈದಾ ಎದ್ದು ಹೋದರು.

“ಅದನ್ನೆಲ್ಲ ನಾನು ಬರೆಯುತ್ತೇನೆ” ಎಂದೆ ನಾನು, ಧಾರಾಳವಾಗಿ.

ಅವರು ಹಿಂದಿರುಗಿದಾಗ ಅನ್ವಿತಾ ಇನ್ನೊಂದು ಪ್ರಶ್ನೆ ಎಸೆದಳು: “ನಿಮ್ಮ ನಂತರ ಯಾರು?”

“ನನ್ನ ನಂತರ ಎಂತ? ನಾನು ಎಲ್ಲಿಗೂ ಹೋಗುವುದಿಲ್ಲವಲ್ಲ” ಎಂದ ಝುಬೈದಾ, “ಅಲ್ಲಿ ಫ್ಯಾನ್ ಉಂಟಾ?” ಎಂದು ವಿಚಾರಿಸಿದರು. ಉಂಟು ಎಂದ ಮೇಲೆ ಒಪ್ಪಿದರು.

ಆ ಸಂಜೆ ಕಾರ್ಡು ಬರೆಯಲು ಕೂತೆ. ಸೌಟಿನವರಿಗೂ ಸಾಬೂನಿನವರಿಗೂ ತಲಾ ಎರಡು ಒಣ ಸಾಲು ಗೀಚಿ ಮುಗಿಸಿದೆ. ಝುಬೈದಾ ಅವರದ್ದಕ್ಕೆ ಮಾತ್ರ ಕೈ ತಾನೇ ಓಡಿತು. ‘ಅಜ್ಜಿಯ ಮಡಿಲಲ್ಲಿ, ಚಿಮಿಣಿ ದೀಪದ ಬೆಳಕಿನಲ್ಲಿ, ಕಡಲಿನ ಲಯಕ್ಕೆ ಬೆರಳು ಕಲಿತ ವಿದ್ಯೆ ಇದು. ತಲೆಮಾರುಗಳು ಹೆಣೆದ ಸರಪಳಿಯ ಕೊನೆಯ ಕೊಂಡಿ, ಕಾಪುವಿನ ಝುಬೈದಾ.’ ಎರಡು ಸಲ ಓದಿಕೊಂಡೆ. ಚೆನ್ನಾಗಿಯೇ ಇತ್ತು. ಯಾವ ವಿದ್ಯಾರ್ಥಿಯಾದರೂ ಹೀಗೆ ಬರೆದಿದ್ದರೆ ಅಡಿಗೆರೆ ಎಳೆದು ‘ನೀನು ನೋಡಿದ್ದೀಯಾ?’ ಎಂದು ಬದಿಯಲ್ಲಿ ಬರೆಯುತ್ತಿದ್ದೆ. ನನ್ನದೇ ಆದ್ದರಿಂದ ಬರೆಯಲಿಲ್ಲ.

ಪ್ರದರ್ಶನದ ಮೊದಲ ದಿನ ಬೆಳಿಗ್ಗೆ ನಾನೂ ಝುಬೈದಾ ಅವರೂ ಆರು ಚಾಪೆಗಳೊಂದಿಗೆ ಆಟೋದಲ್ಲಿ ಹೋದೆವು. ಹನ್ನೊಂದಕ್ಕೆಲ್ಲ ಜನ ತುಂಬಿದರು. ಅಡುಗೆಗೆ ಬಾರದ ಸೌಟುಗಳು ಬಿಸಿ ಕಡುಬಿನಂತೆ ಖಾಲಿಯಾದವು. ನಮ್ಮ ಮೇಜಿನ ಮುಂದೆ ಜನ ಚಾಪೆ ನೋಡುವ ಮೊದಲು ಕಾರ್ಡ್ ಓದುತ್ತಿದ್ದರು, ಓದಿ ಝುಬೈದಾ ಅವರನ್ನು ನೋಡುತ್ತಿದ್ದರು, ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಒಬ್ಬ ಹೆಂಗಸು ಇದನ್ನು ಗೋಡೆಗೆ ಹಾಕಬಹುದೇ ಎಂದು ಕೇಳಿದರು.

“ಹಾಕಿ. ಮಲಗುವಾಗ ಇಳಿಸಿಕೊಂಡರಾಯಿತು” ಎಂದರು ಝುಬೈದಾ.

ನಾನು ಹಿಂದೆ ನಿಂತು ಒಳಗೊಳಗೇ ನಗುತ್ತಿದ್ದೆ. ಎಂಥ ಮಂದಿ! ಬಡತನದ ಕಥೆ ಓದಿ ಕಣ್ಣೊರೆಸಿಕೊಂಡು ಮೂವತ್ತು ಫೋಟೋ ತೆಗೆಯುವವರು. ಆ ಕಥೆ ಬರೆದದ್ದು ಯಾರು ಎಂಬುದು ಆಗ ನನ್ನ ಲೆಕ್ಕಕ್ಕೇ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾಲೇಜು ಹುಡುಗಿಯೊಬ್ಬಳು ಕಾರ್ಡ್ ಓದಿ ನಿಜಕ್ಕೂ ಕಣ್ಣು ತುಂಬಿಕೊಂಡಳು. ಝುಬೈದಾ ಅವರ ಕೈ ಹಿಡಿದು, “ನಿಮ್ಮ ಅಜ್ಜಿಯ ನೆನಪು ಹೇಳಿ ಆಂಟಿ” ಎಂದಳು.

“ಅಜ್ಜಿಯಾ? ಯಾವ ಅಜ್ಜಿ?”

ಹುಡುಗಿ ಕಾರ್ಡ್ ತೋರಿಸಿದಳು. ಝುಬೈದಾ ಕನ್ನಡಕ ಹಾಕಿಕೊಂಡು ಅದನ್ನು ಮೆಲ್ಲಗೆ, ಗಟ್ಟಿಯಾಗಿ, ಒಂದಕ್ಷರವೂ ತಪ್ಪದೆ ಓದಿದರು. ಅವರು ಓದುತ್ತಾರೆ ಎಂದು ನಾನು ಎಣಿಸಿಯೇ ಇರಲಿಲ್ಲ. ಅವರ ಮಗಳಿಗೆ ಮೂರು ವರ್ಷ ಪಾಠ ಹೇಳಿದ್ದೇನೆ. ಮಗಳ ಅಂಕಪಟ್ಟಿಗೆ ಇದೇ ತಾಯಿ ಪ್ರತಿ ಸಲ ಕನ್ನಡದಲ್ಲಿ ಸಹಿ ಹಾಕಿದ್ದನ್ನು ನೋಡಿದ್ದೇನೆ. ಆದರೂ ನನ್ನ ತಲೆಯಲ್ಲಿ ಆ ಕಾರ್ಡು ಅವರ ಬಗ್ಗೆ ಇತ್ತೇ ಹೊರತು ಅವರಿಗಾಗಿ ಇರಲಿಲ್ಲ.

“ಟೀಚರ್, ಇದು ಯಾರು ಬರೆದದ್ದು?”

“ನಾನು.”

“ನನ್ನ ಅಜ್ಜಿ ಬೀಡಿ ಕಟ್ಟುತ್ತಿದ್ದವರು. ಚಾಪೆ ಅವರಿಗೆ ಮಲಗಲಿಕ್ಕೆ ಮಾತ್ರ ಗೊತ್ತಿತ್ತು. ನಾನು ಕಲಿತದ್ದು ಮಹಿಳಾ ಮಂಡಲದ ತರಬೇತಿಯಲ್ಲಿ, ಆರು ವಾರ. ನಿಮ್ಮ ಶಾಲೆಯ ಹಾಲ್‌ನಲ್ಲೇ ಆದದ್ದಲ್ವಾ? ಸರ್ಟಿಫಿಕೇಟ್ ಕೊಟ್ಟದ್ದು ನೀವೇ.”

ನನಗೆ ಸರ್ಟಿಫಿಕೇಟ್ ಕೊಟ್ಟ ಆ ದಿನ ಕೂಡಲೇ ನೆನಪಿಗೆ ಬರಲಿಲ್ಲ. ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದಾಗ ಅಂಥ ಎಷ್ಟೋ ಸಭೆಗಳಲ್ಲಿ ಕುರ್ಚಿ ತುಂಬಿಸಿದ್ದೇನೆ.

“ಅವತ್ತು ನೀವೂ ನಮ್ಮ ಜೊತೆ ಕೂತು ಹೆಣೆಯಲಿಕ್ಕೆ ನೋಡಿದಿರಿ. ಹತ್ತು ನಿಮಿಷಕ್ಕೆ ಬೆನ್ನು ನೋವು ಅಂತ ಎದ್ದು ಹೋದಿರಿ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ಕಾರ್ಡಿನ ಮೇಲೆ ಬೆರಳಿಟ್ಟು, “ಅಜ್ಜಿ ಹೋಗಲಿ. ಈ ‘ಕೊನೆಯ ಕೊಂಡಿ’ ಎಂತದು? ಈ ಆರರಲ್ಲಿ ಎರಡು ಚಾಪೆ ನನ್ನ ನಾದಿನಿ ಮೈಮುನಾಳದ್ದು. ಪಡುಬಿದ್ರಿಯಲ್ಲಿ ನಾಲ್ಕು ಮಂದಿ ಇದ್ದಾರೆ, ನನಗಿಂತ ಚಂದ ಮಾಡುವವರು. ನಾಳೆ ಅವರು ಇಲ್ಲಿಗೆ ಬರುತ್ತಾರೆ. ಬಂದು ಇದನ್ನು ಓದಿದರೆ ನಾನು ಯಾವ ಮುಖ ಇಟ್ಟುಕೊಂಡು ಮಾತಾಡಲಿ? ನಮ್ಮನ್ನೆಲ್ಲ ಕೊಂದು ನೀನೊಬ್ಬಳೇ ಬದುಕಿದೆಯಾ ಅಂತ ಕೇಳುವುದಿಲ್ವಾ?” ಎಂದರು.

ಅನ್ವಿತಾ ಓಡಿ ಬಂದು, “ಆಂಟಿ, ಅದು ಬರೀ ಒಂದು ಶೈಲಿ” ಎಂದಳು. ನಾನು ಕಲಿಸಿದ ಹುಡುಗಿ.

ಝುಬೈದಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಕಾರ್ಡನ್ನು ಮಗುಚಿ ತಾವೇ ಬರೆದರು: ‘ಮುಂಡೇವಿನ ಚಾಪೆ. ಮಲಗಲಿಕ್ಕೆ. ಒದ್ದೆಯಾದರೆ ನೆರಳಲ್ಲಿ ಒಣಗಿಸಿ. ಮಾಡಿದವರು ಝುಬೈದಾ, ಮೈಮುನಾ. ಕಲಿಯುವವರು ಕೇಳಿ.’ ಹನ್ನೊಂದು ಪದ. ನಾನು ತಿದ್ದಲು ಏನೂ ಇರಲಿಲ್ಲ.

ಅದನ್ನು ಓದಿ ಕೆಲವರು ಮುಂದೆ ಹೋದರು. ದುಃಖವಿಲ್ಲದ ಚಾಪೆ ಅವರಿಗೆ ಬೇಡವಾಗಿತ್ತು. ಕಣ್ಣು ತುಂಬಿಕೊಂಡ ಹುಡುಗಿಯೂ ಮೋಸಹೋದವಳ ಹಾಗೆ ಮೂಗೊರೆಸಿಕೊಂಡು ಸಾಬೂನಿನ ಕಡೆ ನಡೆದಳು. ಆಗ ಎದುರಿನ ಮೇಜಿನಿಂದ ಎದ್ದು ಬಂದವನು ಪ್ರೀತಮ್.

“ಕಲಿಯುವವರು ಕೇಳಿ ಅಂತ ಉಂಟಲ್ಲ. ನಾನು ಕೇಳಬಹುದಾ?”

ಝುಬೈದಾ ಒಂದು ಚಾಪೆ ಬಿಡಿಸಿ ಜಗಲಿಯ ನೆಲಕ್ಕೆ ಹಾಸಿದರು. ಮಾರಾಟದ ವಸ್ತುವಿನ ಮೇಲೆ ಕೂರುವುದೇ ಎಂದು ಅನ್ವಿತಾ ಬಾಯಿ ತೆರೆದು ಮುಚ್ಚಿದಳು. ಪ್ರೀತಮ್ ಚಕ್ಕಳಮಕ್ಕಳ ಹಾಕಿ ಕೂತ. ಚೀಲದಲ್ಲಿದ್ದ ಎಲೆಯ ಸೀಳುಗಳನ್ನು ಅವರು ಅವನ ಮುಂದಿಟ್ಟರು. ಅವನ ಬೆರಳುಗಳನ್ನು ನಾನು ಆಗಲೇ ಮೊದಲು ನೋಡಿದ್ದು: ತುದಿಯೆಲ್ಲ ಬಿಸಿ ಮೇಣಕ್ಕೆ ಸುಟ್ಟ ಕಲೆ. ತಪ್ಪಿದ, ಬಿಚ್ಚಿದ, ಮತ್ತೆ ಹಾಕಿದ. ಅವನ ಮೇಜಿನ ಮುಂದೆ ಗಿರಾಕಿಗಳು ಬಂದು ಕಾದು ಹೋಗುತ್ತಿದ್ದರು, ಅವನಿಗೆ ಅದರ ಗೊಡವೆ ಇರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಮೂಲೆ ಮಡಚುವುದು ಬಂತು.

“ಇವರಿಗೆ ಬರುತ್ತದೆ” ಎಂದರು ಝುಬೈದಾ, ಯಾರನ್ನೂ ಉದ್ದೇಶಿಸದೆ. ಸುಮ್ಮನೆ ನಿಂತಿದ್ದ ನನ್ನ ಕಿವಿಗೆ ಅದು ಸರಿಯಾಗಿಯೇ ಬಿತ್ತು.

ಇದರಿಂದ ನಾನು ಬದಲಾದೆ ಎಂದು ನೀವು ತಿಳಿಯಬಾರದು. ಅವನ ಮೇಣದಬತ್ತಿಯ ಬಗ್ಗೆ ನನ್ನ ಅಭಿಪ್ರಾಯ ಈಗಲೂ ಅದೇ. ಆ ಸೌಟು ಈಗಲೂ ಸೌಟಲ್ಲ. ತಾತ್ಸಾರ ಮಾಡಲು ಜಗತ್ತಿನಲ್ಲಿ ಬೇಕಾದಷ್ಟು ಉಂಟು. ಆದರೆ ಅಂದು ಅಲ್ಲಿದ್ದ ಇಪ್ಪತ್ತು ಮೇಜುಗಳಲ್ಲಿ ಅತ್ಯಂತ ಖೋಟಾ ಸರಕು ಯಾವುದು ಎಂದು ಯಾರಾದರೂ ಕೇಳಿದ್ದರೆ, ಅದು ಒಂದು ದಪ್ಪ ಕಾಗದದ ಮೇಲೆ ಚಂದದ ಕನ್ನಡದಲ್ಲಿತ್ತು.

ಹಿಂದಿರುಗುವಾಗ ಬಸ್ಸಿನಲ್ಲಿ ಬಂದೆವು. ಉಡುಪಿ ದಾಟಿದ ಮೇಲೆ “ತಪ್ಪಾಯಿತು” ಎಂದು ನಾನು ಹೇಳಿದಾಗ ಕಂಡಕ್ಟರ್ ಚಿಲ್ಲರೆ ಕೇಳುತ್ತಿದ್ದ. ಅವರಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿದೆ.

“ಕೇಳಿಸಿತು ಟೀಚರ್” ಎಂದರು. ಕಾಪುವಿನಲ್ಲಿ ಇಳಿದ ಮೇಲೆ, “ಸೋಮವಾರ ಬೆಳಿಗ್ಗೆ ಮನೆಗೆ ಬನ್ನಿ. ಪುರುಸೊತ್ತು ಮಾಡಿಕೊಂಡು ಬನ್ನಿ” ಎಂದು ಹೇಳಿ ಹೋದರು.

ಸೋಮವಾರ ಹೋದೆ. ಅವರ ಜಗಲಿಯಲ್ಲಿ ಎರಡು ಗಂಟೆ ಕೂತೆ. ಬೆನ್ನು ನೊಂದಿತು, ಎಲೆಯ ಅಂಚು ಬೆರಳು ಕೊಯ್ದಿತು. ಕೊನೆಗೆ ಅಂಗೈ ಅಗಲದ ಒಂದು ವಸ್ತು ಆಯಿತು. ಚೌಕವೂ ಅಲ್ಲ, ದುಂಡಗೂ ಅಲ್ಲ, ನಡುವೆ ಒಂದು ಕಡೆ ಉಬ್ಬಿತ್ತು. ಅವರ ಮಗಳು ಬಂದು ಅದನ್ನು ಎತ್ತಿ ಹಿಡಿದು, “ಟೀಚರ್, ಇದು ಎಂತ?” ಎಂದು ಕೇಳಿದಳು. ಮೂವತ್ತು ವರ್ಷ ಪ್ರಬಂಧ ಬರೆಸಿದವಳಿಗೆ ಅದರ ಬಗ್ಗೆ ಒಂದು ಸಾಲೂ ಹೊಳೆಯಲಿಲ್ಲ.

ಝುಬೈದಾ ಅದನ್ನು ಮಗಳ ಕೈಯಿಂದ ತೆಗೆದುಕೊಂಡು, ತಿರುಗಿಸಿ ನೋಡಿ, ಒಂದು ತುದಿ ಹಿಡಿದು ಮೆಲ್ಲಗೆ ಎಳೆದರು. ನನ್ನ ಎರಡು ಗಂಟೆ ಸರಸರನೆ ಬಿಚ್ಚಿಹೋಯಿತು. ಸೀಳುಗಳನ್ನು ಅಂಗೈಯಿಂದ ಒತ್ತಿ ನೇರ ಮಾಡಿ ಮತ್ತೆ ನನ್ನ ಮುಂದೆ ಇಟ್ಟರು.

“ಎಲೆ ಹಾಳಾಗಲಿಲ್ಲ” ಎಂದರು. “ಹಾಕಿ ಇನ್ನೊಮ್ಮೆ.”