ಕೃತಿಕಾಳ ಸರದಿ ಹಿಂದೆ ಬಿದ್ದ ದಿನ

ನರಸಿಂಹರಾಜಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಸುಮಿತ್ರಮ್ಮ ನನ್ನ ನೆರೆಯವರು. ಮೆಣಸಿನಕಾಯಿ ಬೀಸಿದ ಮೇಲೆ ಯಾರಾದರೂ ಅಕ್ಕಿ ತಂದರೆ, "ಈಗ ಹಾಕಿದ್ರೆ ರೊಟ್ಟಿ ಖಾರ ಆಗ್ತದೆ, ನಾಳೆ ಬಾ ಮಾರಾಯ್ತಿ" ಎಂದು ವಾಪಸು ಕಳಿಸುವವರು. ಗಿರಾಕಿ ಬೇರೆ ಗಿರಣಿಗೆ ಹೋದರೆ ಹೋಗಲಿ. ಲಿಂಗಪೂಜೆ ಆಗದೆ ಒಂದು ಗುಟುಕು ನೀರೂ ಕುಡಿಯುವುದಿಲ್ಲ.

ಮೊಮ್ಮಗಳು ಕೃತಿಕಾಳಿಗೆ ಆರು ವರ್ಷ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದೆ ಎಂದರು ಮಂಗಳೂರಿನ ಡಾಕ್ಟರು. ಎದೆ ಕೊಯ್ಯುವುದಿಲ್ಲವಂತೆ, ತೊಡೆಯ ಸಂದಿನ ರಕ್ತನಾಳದಿಂದ ತೆಳ್ಳನೆಯ ಕೊಳವೆ ತೂರಿಸಿ, ಅದರೊಳಗೇ ಮಡಿಸಿದ ಮುಚ್ಚಳ ಕಳಿಸಿ, ತೂತಿನ ಹತ್ತಿರ ಬಿಡಿಸಿ ಕೂರಿಸುತ್ತಾರಂತೆ. ಮಗ ಸೋಮನಾಥ, ಸೊಸೆ ರಶ್ಮಿ ಎರಡು ತಿಂಗಳು ಕಾದ ಮೇಲೆ ದಿನ ಸಿಕ್ಕಿತು. ಸುಮಿತ್ರಮ್ಮನೂ ಜೊತೆಗೆ ಹೋದರು. ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ನನಗೆ ಹೇಳಿದರು.

ಹಿಂದಿನ ದಿನವೇ ಸೇರಿಸಿಕೊಂಡಿದ್ದ ಆಸ್ಪತ್ರೆಯವರು, ರಾತ್ರಿಯಿಂದ ಮಗುವಿಗೆ ಏನೂ ಕೊಡಬಾರದು ಎಂದಿದ್ದರು. ಬೆಳಿಗ್ಗೆ ಆರಕ್ಕೆ ರಶ್ಮಿ ಸ್ನಾನಕ್ಕೆ ಹೋದಾಗ ಸುಮಿತ್ರಮ್ಮ ಪೂಜೆ ಮುಗಿಸಿ, ಪ್ರಸಾದದ ಬಾಳೆಹಣ್ಣು ಅರ್ಧ ಮುರಿದು ಮಗುವಿನ ಬಾಯಿಗಿಟ್ಟರು. ಪ್ರಸಾದವನ್ನೂ ತಿಂಡಿಯೆಂದು ಲೆಕ್ಕ ಹಿಡಿಯುತ್ತಾರೆಂದು ಅವರಿಗೆ ಹೊಳೆಯಲೇ ಇಲ್ಲ.

ಒಂಬತ್ತಕ್ಕೆ ನರ್ಸ್ ಬಂದು ಮಗುವನ್ನು ಗಾಲಿಮಂಚದ ಮೇಲೆ ಮಲಗಿಸಿದಳು.

"ಏನೂ ತಿಂದಿಲ್ಲ ತಾನೆ?"

"ಇಲ್ಲ" ಎಂದಳು ರಶ್ಮಿ.

"ಎಷ್ಟು ಸಲ ಕೇಳ್ತೀರಿ ಮಾರಾಯ್ರೆ!" ಎಂದ ಸೋಮನಾಥ.

"ಪ್ರಜ್ಞೆ ತಪ್ಪೋ ಔಷಧಿ ಕೊಡ್ತೇವಲ್ಲ. ಹೊಟ್ಟೇಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ."

ಸುಮಿತ್ರಮ್ಮನಿಗೆ ಬೆಳಗಿನ ಪ್ರಸಾದ ನೆನಪಾಯಿತು. ಹೇಳಿದರೆ ಸಿಕ್ಕಿದ ದಿನ ತಪ್ಪೀತು. ಗಾಲಿಗಳು ಉರುಳತೊಡಗಿದವು.

"ನಿಲ್ಸಮ್ಮ! ಅರ್ಧ ಬಾಳೆಹಣ್ಣು ನಾನು ಕೊಟ್ಟೆ. ಪ್ರಸಾದ ಅಂತ..."

"ಅತ್ತೆ! ಎಂತ ಮಾಡಿದ್ರಿ ನೀವು?" ಎಂದು ರಶ್ಮಿ ಗಾಲಿಮಂಚ ಹಿಡಿದು ನಿಲ್ಲಿಸಿದಳು.

ನರ್ಸ್ ಡಾಕ್ಟರಿಗೆ ಫೋನು ಮಾಡಿ ಬಂದಳು. "ಹೊಟ್ಟೆ ಖಾಲಿ ಆಗ್ಲಿ ಅಂತ ಕೊನೇ ಸರದಿಗೆ ಹಾಕಿದ್ದಾರೆ. ಮೊದಲಿನೋರದ್ದು ತಡ ಆದ್ರೆ ಇವತ್ತಾಗೋದಿಲ್ಲ."

ಆಮೇಲೆ ಐದು ಗಂಟೆಗಳ ಕಾಲ "ಅಜ್ಜಿ, ಹಸಿವು" ಎಂದು ಮಗು ಅತ್ತಿತು. ರಶ್ಮಿ ಅತ್ತೆಯ ಕಡೆ ಮುಖ ಮಾಡಲಿಲ್ಲ. ಸುಮಿತ್ರಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ಅಷ್ಟೂ ಹೊತ್ತು ಬೈಗುಳಕ್ಕೆ ಕಾದರಂತೆ. ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತಂತೆ.

ಎರಡಕ್ಕೆ ಕರೆ ಬಂತು. ಮೂರೂವರೆಗೆ ಡಾಕ್ಟರು ಹೊರಗೆ ಬಂದು, ಮುಚ್ಚಳ ಚೆನ್ನಾಗಿ ಕೂತಿದೆ ಎಂದರು. ಮಗುವನ್ನು ವಾರ್ಡಿಗೆ ತಂದಾಗ ತೊಡೆಯ ಸಂದಿನಲ್ಲಿ ಒಂದು ಪಟ್ಟಿ, ಅಷ್ಟೆ. ಆ ಕಾಲು ಮಡಿಸದ ಹಾಗೆ ಸುಮಿತ್ರಮ್ಮ ಮೆಲ್ಲಗೆ ಹಿಡಿದುಕೊಂಡು ಕೂತರು.

ಸಂಜೆ ನರ್ಸ್, ಇನ್ನು ನೀರು ಕೊಡಬಹುದು ಎಂದಳು. ರಶ್ಮಿ ಲೋಟ ತುಂಬಿ ಅತ್ತೆಯ ಮುಂದೆ ಹಿಡಿದಳು.

"ನೀವೇ ಕುಡ್ಸಿ."

ಸುಮಿತ್ರಮ್ಮ ಕೈ ಚಾಚಲಿಲ್ಲ. "ಆ ನರ್ಸ್ ಹುಡುಗಿ ಇನ್ನೊಂದ್ಸಲ ಹೇಳ್ಲಿ."

"ಕುಡ್ಸಿ ಅಜ್ಜಿ, ನಿಧಾನಕ್ಕೆ" ಎಂದು ನರ್ಸ್ ನಕ್ಕಳು.

"ಬೆಳಿಗ್ಗೇನೂ ಹೀಗೇ ಕೇಳ್ಬೇಕಿತ್ತು" ಎಂದಳು ರಶ್ಮಿ. ಲೋಟ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.