ಕಾರಿಗೋ ಕೂಸಿಗೋ ಅಜ್ಜನ ಧೋತರ

ಕುಪ್ಪೇಲೂರಿನ ನಮ್ಮ ಓಣಿಗೆಲ್ಲ ಒಂದೇ ಒಂದು ಕಾರು ಇದ್ದ ದಿನಗಳವು. ಆ ಕಾರು ನಮ್ಮದು ಎನ್ನುವಾಗ ನನಗೆ ಈಗಲೂ ಸ್ವಲ್ಪ ಜಂಬ ಬರುತ್ತದೆ, ಏನು ಮಾಡಲಿ! ರಾಣೆಬೆನ್ನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ಅಪ್ಪ ಒಂದು ಸಂಜೆ ಯಾರಿಗೂ ಹೇಳದೆ ಕೇಳದೆ ಹಳೆಯ ಕಪ್ಪು ಕಾರೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಆರತಿ ತಟ್ಟೆ ಹಿಡಿದು ಹೊರಬಂದ ಅಜ್ಜಿ, "ಅಯ್ಯ, ಎಮ್ಮಿ ತಂದೀಯಲ್ಲೋ!" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಕಾರಿಗೆ ಎಮ್ಮಿ ಎಂದೇ ಹೆಸರು.

ಎಮ್ಮೆಗೆ ಮೈ ತೊಳೆದರೆ ಮುಗಿಯಿತು. ಈ ಎಮ್ಮೆಯ ಕಥೆ ಹಾಗಲ್ಲ. ನಮ್ಮ ಬೋರಿನ ನೀರು ಸವಳು. ತೊಳೆದ ಕೂಡಲೇ ಒರೆಸದಿದ್ದರೆ ಪ್ರತಿ ಹನಿಯೂ ಕಪ್ಪು ಬಣ್ಣದ ಮೇಲೆ ಬೆಳ್ಳಗೆ ಕಲೆ ಕಟ್ಟುತ್ತಿತ್ತು. ಸಿಕ್ಕ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತಿತ್ತು. ಅವ್ವನ ನೈಲಾನ್ ಸೀರೆ ನೀರನ್ನು ಹೀರದೆ ಅತ್ತಿಂದಿತ್ತ ದೂಡುತ್ತಿತ್ತು. ಹೊಸ ಟವೆಲ್ಲು ಮೈತುಂಬ ನೂಲು ಉದುರಿಸುತ್ತಿತ್ತು. ಹೀಗಾಗಿ ಅಪ್ಪ ಮನೆಯ ಗಂಟುಗಳನ್ನೆಲ್ಲ ಬಿಚ್ಚಿ ಬಟ್ಟೆ ಹುಡುಕತೊಡಗಿದ. ಪರೀಕ್ಷೆ ಮಾಡುವ ಹೊಣೆ ನನ್ನ ಕೆನ್ನೆಯದು.

"ಕಣ್ಣ ಮುಚ್ಚು. ಚುಚ್ಚತೈತೇನು?"

"ಚುಚ್ಚತೈತಿ."

"ಇದು?"

"ಅಪ್ಪಾ, ಇದು ಬೆಕ್ಕಿನ ಹೊಟ್ಟಿ ಇದ್ದಂಗ ಐತಿ!"

ಕಣ್ಣು ಬಿಟ್ಟು ನೋಡಿದರೆ ಅದು ಅಜ್ಜನ ಧೋತರ. ಅಜ್ಜ ಹಿಂದಿನ ವರ್ಷ ತೀರಿಕೊಂಡಿದ್ದ. ಅವನ ಬಟ್ಟೆಗಳೆಲ್ಲ ಅಜ್ಜಿ ಹೊಲಿಯುವ ಕೌದಿಗಳೊಳಗೆ ಸೇರಿ, ಈ ಒಂದು ಧೋತರ ಮಾತ್ರ ಟ್ರಂಕಿನಲ್ಲಿ ಉಳಿದಿತ್ತು. ಉಳಿಸಿಕೊಂಡದ್ದಕ್ಕೆ ಕಾರಣವೂ ಇತ್ತು. ಅಪ್ಪನ ತಂಗಿ ಗಿರಿಜತ್ತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮದುವೆಯಾಗಿ ಎಷ್ಟೋ ವರ್ಷಕ್ಕೆ, ದೇವರಿಗೆಲ್ಲ ಹರಕೆ ಹೊತ್ತ ಮೇಲೆ ನಿಂತ ಬಸಿರು. ನಮ್ಮಲ್ಲಿ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ. ತುಂಬು ಬಾಳು ಬಾಳಿದ ಹಿರಿಯರ ಹಳೆಯ ಬಟ್ಟೆಯಲ್ಲಿ ಸುತ್ತುತ್ತಾರೆ, ಅವರ ಆಯುಷ್ಯ ಕೂಸಿಗೂ ಬರಲಿ ಎಂದು.

"ಆ ಕಬ್ಬಿಣದ ಎಮ್ಮಿಗೆ ನನ್ನ ಗಂಡನ ಧೋತರ ಬೇಕೇನೋ? ಮುಟ್ಟಿದರ ಕೈ ಮುರೀತೇನಿ ನೋಡು!" ಅಜ್ಜಿ ಧೋತರವನ್ನು ಕಸಿದುಕೊಂಡಳು.

"ಯವ್ವಾ, ನಾಳೆ ನಿನ್ನ ಮಗಳನ್ನ ದವಾಖಾನಿಗೆ ಒಯ್ಯೂದು ಯಾವುದು? ಇದ ಎಮ್ಮಿ ಅಲ್ಲೇನು?" ಅಪ್ಪನೂ ಬಿಡಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ಗಿರಿಜತ್ತಿ ನಕ್ಕಳು. "ಕೂಸು ಎಷ್ಟುದ್ದ ಇರತೈತಿ? ಹರದು ಅರ್ಧಾ ಅಣ್ಣಗ ಕೊಡಬೇ." ಆಮೇಲೆ ಅವಳ ದನಿ ಸಣ್ಣದಾಯಿತು. "ಆದರ ನನ್ನ ಕೂಸಿನ ಮೈಗೆ ಮೊದಲು ಹತ್ತೂದು ಮಾತ್ರ ಅಪ್ಪನ ಧೋತರನ ಆಗಬೇಕು. ಅಪ್ಪ ಎತ್ತಿಕೊಂಡಂಗ ಆಗತೈತಿ."

ಅಜ್ಜಿ ಕಣ್ಣೊರೆಸಿಕೊಂಡು ಧೋತರವನ್ನು ಪರ್ರನೆ ಎರಡು ಮಾಡಿದಳು.

ತನ್ನ ಪಾಲನ್ನು ಅಪ್ಪ ಸಾಕಿದ ಚಂದವನ್ನು ನೀವು ನೋಡಬೇಕಿತ್ತು! ಬಿರುಸಾದ ಅಂಚನ್ನು ಕತ್ತರಿಸಿ ತೆಗೆದ. ಬಿಸಿನೀರಿಗೆ ಅಂಟವಾಳಕಾಯಿ ನೊರೆ ಹಾಕಿ ತಾನೇ ಒಗೆಯುತ್ತಿದ್ದ. ಗಂಜಿ ಇಲ್ಲ, ನೀಲಿ ಇಲ್ಲ. ಹಿತ್ತಲ ತಂತಿಯ ಮೇಲೆ ಬಿಸಿಲಿಗೆ ಹರವಿ, ಒಣಗಿದ್ದನ್ನು ಮಡಚಿ ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಡುತ್ತಿದ್ದ. ನೆಲಕ್ಕೆ ಬಿದ್ದ ಯಾವ ಬಟ್ಟೆಯೂ ಮತ್ತೆ ಕಾರಿನ ಮೈ ಮುಟ್ಟುವಂತಿರಲಿಲ್ಲ. ಮಣ್ಣಿನ ಹರಳು ಸಿಕ್ಕಿರಬಹುದೆಂದು ಅದನ್ನು ಗಾಲಿ ಒರೆಸಲು ಇಳಿಸಿಬಿಡುತ್ತಿದ್ದ. "ನನ್ನ ರೇಷ್ಮಿ ಸೀರಿಗೂ ಇಷ್ಟು ಮರ್ಯಾದಿ ಇಲ್ಲ ಈ ಮನ್ಯಾಗ" ಎಂದು ಅವ್ವ ಗೊಣಗುತ್ತಿದ್ದಳು.

ಭಾನುವಾರ ಬೆಳಗೆಂದರೆ ನನಗೆ ಹಬ್ಬ. ಒಳಗಿನಿಂದ ಒಗ್ಗರಣಿ ಮಂಡಕ್ಕಿಯ ವಾಸನೆ, ಹೊರಗೆ ನೀರಿನಾಟ. ಧೋತರದ ಎರಡು ತುದಿ ಅಪ್ಪನ ಕೈಯಲ್ಲಿ, ಎರಡು ನನ್ನ ಕೈಯಲ್ಲಿ. "ತಿಕ್ಕಬ್ಯಾಡ, ಹಾಸಿ ಎಳಿ" ಎನ್ನುತ್ತಿದ್ದ. ಹಾಸಿ ಮೆಲ್ಲಗೆ ಎಳೆದರೆ ಅಷ್ಟಗಲ ನೀರೂ ಮಾಯ! ಕೆಳಗೆ ಬಾನೆಟ್ಟಿನಲ್ಲಿ ನನ್ನ ಮುಖ ಹಲ್ಲು ಕಿರಿಯುತ್ತಿತ್ತು.

ಅಂಥದೇ ಒಂದು ಭಾನುವಾರ, ಕಾರಿಗೆ ಕೊನೆಯ ಕೊಡ ನೀರು ಹೊಯ್ದು ಇನ್ನೇನು ಡಬ್ಬಿ ತೆಗೆಯಬೇಕು, ಒಳಗಿನಿಂದ ಅಜ್ಜಿ ಕೂಗಿದಳು. "ಲಗೂ ಬಾರೋ, ಗಿರಿಜಾಗ ಬ್ಯಾನಿ ಚಾಲೂ ಆಗ್ಯಾವ!"

ಅಪ್ಪ ನೀರಿಳಿಯುತ್ತಿದ್ದ ಕಾರನ್ನೊಮ್ಮೆ ನೋಡಿದ, ಮೇಲೇರುತ್ತಿದ್ದ ಬಿಸಿಲನ್ನೊಮ್ಮೆ ನೋಡಿದ. ನೋಡಿದ್ದಷ್ಟೇ. ಮುಂದಿನ ಗಾಜನ್ನು ಅಂಗಿ ತೋಳಿನಿಂದ ಒರೆಸಿಕೊಂಡು ಗಾಡಿ ಚಾಲೂ ಮಾಡಿದ. ಅತ್ತಿಯನ್ನು ಹಿಂದೆ ಕೂರಿಸಿಕೊಂಡು ಅವ್ವ, ಅಜ್ಜಿ ಏರಿದರು. ಯಾರೂ ಬೇಡ ಅನ್ನುವ ಮೊದಲೇ ನಾನು ಮುಂದಿನ ಸೀಟಿನಲ್ಲಿದ್ದೆ. ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಒದ್ದೆ ಮೈಗೆಲ್ಲ ರಸ್ತೆಯ ಧೂಳು ಮೆತ್ತಿ, ಎಮ್ಮಿ ಖರೇನೇ ಕೆರೆಯಿಂದ ಎದ್ದು ಬಂದಂತೆ ಕಾಣುತ್ತಿತ್ತು.

ಹೆರಿಗೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಾಗಿಲ ಸಂದಿಯಿಂದ ನರ್ಸಮ್ಮ ಇಣುಕಿದಳು. "ಹೆಣ್ಣು ಕೂಸರಿ. ಚೊಲೋ ಐತಿ. ಅರಿವಿ ಕೊಡ್ರಿ ಲಗೂ."

ಅಜ್ಜಿ ಮಗ್ಗುಲಲ್ಲಿ ತಡಕಾಡಿದಳು. ಗಂಟು ಇಲ್ಲ! ಧೋತರವಿದ್ದ ಗಂಟು ಮನೆಯ ಕಟ್ಟೆಯ ಮೇಲೆಯೇ ಉಳಿದಿತ್ತು. "ಅಯ್ಯ ಶಿವನ, ನನ್ನ ಮಗಳು ಕೇಳಿದ್ದು ಅದೊಂದ" ಎಂದು ಅಲ್ಲೇ ಕುಸಿದು ಕೂತಳು. ಅವ್ವ ತನ್ನ ನೈಲಾನ್ ಸೆರಗು ಮುಟ್ಟಿ ನೋಡಿ ಕೈಬಿಟ್ಟಳು.

ಅಪ್ಪ ಹೊರಗೆ ಓಡಿದ. ಬಂದಾಗ ಕೈಯಲ್ಲಿ ಬಿಸ್ಕೀಟಿನ ಡಬ್ಬಿ.

"ಕಾರ ಒರಸೂ ಅರಿವಿ ಏನೋ?" ಅಜ್ಜಿ ಹುಬ್ಬು ಗಂಟಿಕ್ಕಿದಳು. ಆದರೂ ಧೋತರ ತೆಗೆದು ಮೂಸಿದಳು. ಬಿಸಿಲಿನ ವಾಸನೆ. ಬೆಳಕಿಗೆ ಹಿಡಿದಳು. ಒಂದು ಕಲೆ ಇಲ್ಲ. ಕೊನೆಗೆ ಬಗ್ಗಿ ನನ್ನ ಕೆನ್ನೆಗೆ ಒತ್ತಿ ಹಿಡಿದಳು. "ಹೇಳ ನನ್ನವ್ವ, ಚುಚ್ಚತೈತೇನು?"

"ಇಲ್ಲ ಅಜ್ಜಿ. ಮೊದಲಿಗಿಂತ ಮೆತ್ತಗ ಆಗೇತಿ."

ಗಿರಿಜತ್ತಿಯ ಮಗಳು ಅಜ್ಜನ ಧೋತರದಲ್ಲೇ ಹೊರಗೆ ಬಂದಳು, ಕೆಂಪಗೆ, ಮುಷ್ಟಿ ಬಿಗಿದುಕೊಂಡು. ಅಜ್ಜಿ ಅಳುತ್ತಲೇ ನಕ್ಕಳು. ಅಪ್ಪ ಕೂಸಿಗಿಂತ ಜೋರಾಗಿ ಅತ್ತ. ಅಷ್ಟು ಸಂತೋಷವನ್ನು ನಾನು ಮತ್ತೆ ಯಾವ ದವಾಖಾನೆಯ ಬಾಗಿಲಲ್ಲೂ ಕಂಡಿಲ್ಲ. ಬಾನೆಟ್ಟಿನ ಬಿಳಿ ಕಲೆಗಳು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಯಾರಾದರೂ ಕೇಳಿದರೆ ಅಪ್ಪ, "ಅವು ನನ್ನ ಸೊಸಿ ಹುಟ್ಟಿದ ಗುರುತು" ಎನ್ನುತ್ತಿದ್ದ.

ಆ ಸೊಸೆ, ಗಿರಿಜತ್ತಿಯ ಮಗಳು ಸುಮಾ, ಈಗ ಬಸುರಿ. ಮೊನ್ನೆ ಅಪ್ಪನಿಗೆ ಫೋನು ಮಾಡಿ, "ಮಾವಾ, ನನ್ನ ಕೂಸಿಗೆ ಮನ್ಯಾಗ ಹಳೇ ಧೋತರ ಐತೇನು?" ಎಂದಳು. ಅಜ್ಜನ ಧೋತರದ ಎರಡೂ ಪಾಲು ಸವೆದು ಹೋಗಿ ಎಷ್ಟೋ ವರ್ಷವಾಗಿತ್ತು. ಕಪಾಟುಗಳನ್ನೆಲ್ಲ ಬಗೆದೆವು. ಮನೆ ತುಂಬ ಬಟ್ಟೆ. ಹಿಗ್ಗುವವು, ಹೊಳೆಯುವವು, ಇಸ್ತ್ರಿ ಬೇಡದವು. ನೀರು ಕುಡಿಯುವಂಥದ್ದು ಒಂದಿಲ್ಲ. ನನ್ನ ಕಾರಿಗೆ ತಂದ ಮೈಕ್ರೋಫೈಬರ್ ಬಟ್ಟೆ ನೀರನ್ನೇನೋ ಹೀರುತ್ತದೆ, ಆದರೆ ಅದನ್ನು ಯಾರೂ ಉಟ್ಟವರಿಲ್ಲ. ಒಬ್ಬ ಮನುಷ್ಯ ಉಟ್ಟು, ದುಡಿದು, ಬೆವರಿ, ಒಗೆದು, ಮತ್ತೆ ಉಟ್ಟು ಮೆತ್ತಗಾದ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮ ಮನೆಯಲ್ಲೂ ಈಗ ಸಿಗುವುದಿಲ್ಲ.

ಜೀವಮಾನವೆಲ್ಲ ಪ್ಯಾಂಟು ಹಾಕಿದ ಅಪ್ಪ ಮಾರನೆಯ ದಿನ ರಾಣೆಬೆನ್ನೂರಿಗೆ ಹೋಗಿ ಒಂದು ಹತ್ತಿಯ ಧೋತರ ತಂದ. ಈಗ ದಿನವೂ ಅದನ್ನೇ ಉಡುತ್ತಾನೆ. ಕಚ್ಚೆ ನಿಲ್ಲುವುದಿಲ್ಲ, ಹೊಸ್ತಿಲಲ್ಲಿ ಎಡವುತ್ತಾನೆ, ಅವ್ವ ಬಿದ್ದು ಬಿದ್ದು ನಗುತ್ತಾಳೆ.

"ಸುಮಾನ ಹೆರಿಗಿ ಹೊತ್ತಿಗೆ ಅದು ಮೆತ್ತಗ ಆಗತೈತೇನಪ್ಪಾ?" ಎಂದು ಕೇಳಿದೆ.

"ಅಜ್ಜಗ ವರ್ಷಗಟ್ಟಲೆ ಟೈಮ್ ಇತ್ತವ್ವ" ಎಂದ, ಧೋತರ ಹಿಂಡುತ್ತ. "ನನಗ ನಾಲ್ಕ ತಿಂಗಳ ಐತಿ. ಅತ್ತಾಗ ಸರಿ, ಒಣಗಿದ ಕೂಡಲೇ ಮತ್ತ ಉಡಬೇಕು."