ಗಂಗಾಧರಣ್ಣನ ಕೇಬಲ್ ವಿಚಾರಣೆ

ಕೊಪ್ಪ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿರುವ ಗಂಗಾಧರ್ ಯಾರಿಗೂ ಕೇಳಿದ ತಕ್ಷಣ ಕೇಬಲ್ ಕೊಟ್ಟವರಲ್ಲ. ಎಷ್ಟು ಮೀಟರು, ಒಳಗೋ ಹೊರಗೋ, ಕರೆಂಟಿನ ತಂತಿ ಪಕ್ಕದಲ್ಲಿದೆಯೋ, ಮಂಗ ಜೋತಾಡುತ್ತದೋ ಎಂದೆಲ್ಲ ಕೇಳುತ್ತಾರೆ. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ. ಇವತ್ತು ಸಿಕ್ಕಿಬಿದ್ದವಳು ಹತ್ತಿರದ ನಾರ್ವೆ ಎಂಬ ಹಳ್ಳಿಯ ಮಲ್ಲಿಕಾ. ಮನೆಯ ಇಂಟರ್ನೆಟ್ ಕೇಬಲನ್ನು ಮಂಗವೇ ಕಿತ್ತಿದೆ, ಒಂದು ಗಂಟೆಗೆ ಕೆಲಸದ ಆನ್‌ಲೈನ್ ಸಂದರ್ಶನ, ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿದೆ. “ಯಾವುದಾದ್ರೂ ಕೊಡಿ ಗಂಗಾಧರಣ್ಣ, ಬಸ್ಸು ಹೋಗ್ತದೆ,” ಎಂದಳು. “ಹೋಗ್ಲಿ ಮಾರಾಯ್ತಿ. ಹೆಂಚಿನ ಮಾಡಿನ ಮೇಲೆ ಎಳೀತೀಯಾ, ಮನೆ ಒಳಗಾ?” “ಮೇಲೆ.” ಅವರು ಅಗ್ಗದ ಬಿಳಿ ಸುರುಳಿಯನ್ನು ಹಿಂದಕ್ಕಿಟ್ಟು, ಹೊರಗೆ ಹಾಕುವ ದಪ್ಪ ಕಪ್ಪು ಕೇಬಲನ್ನು ಎರಡೆರಡು ಸಲ ಅಳೆಯತೊಡಗಿದರು. ಬೈಗುಳ ಮಲ್ಲಿಕಾಳ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗೋಡೆಯ ಮೊಳೆಗೆ ನೇತುಹಾಕಿದ್ದ, ಬಿಸಿಲಿಗೆ ಬಿರಿದ ಬಿಳಿ ಕೇಬಲ್ ತುಂಡೊಂದು ಅವಳ ಕಣ್ಣಿಗೆ ಬಿತ್ತು. ಗಂಗಾಧರ್ ತಲೆ ಎತ್ತದೆ ಹೇಳಿದರು: “ಒಳಗೆ ಹಾಕೋ ಆ ಬಿಳೀದನ್ನ ನಮ್ಮನೆ ಮಾಡಿಗೆ ನಾನೇ ಎಳೆದಿದ್ದೆ. ನೀರು ಹೋಗಿ, ಮಗಳ ಆನ್‌ಲೈನ್ ಪರೀಕ್ಷೆ ಅರ್ಧಕ್ಕೆ ನಿಂತುಹೋಯ್ತು.” ಬಸ್ಸು ಹೊರಟೇಹೋಯಿತು. ಅವರು ಶಟರ್ ಎಳೆದು, ಸುರುಳಿಯನ್ನು ಹೆಗಲಿಗೆ ಹಾಕಿ, ಸ್ಕೂಟರ್ ಚಾಲೂ ಮಾಡಿ “ಹತ್ತು” ಎಂದರು. ನಾರ್ವೆ ಮುಟ್ಟುವವರೆಗೂ ಅವರು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.